ಗೋಸುಂಬೆಯ ಪ್ರಭೇದ ಗುರುತಿಸಲು ಬಣ್ಣ ಬಿಡಿ, ಹಿಮ್ಮಡಿ ನೋಡಿ

ಹವ್ಯಾಸಿ ಪ್ರಕೃತಿ ವೀಕ್ಷಕರ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬರುವ ಸರೀಸೃಪಗಳ ಚಿತ್ರಗಳಿಗೆ ಹೆಸರು ಹೇಳುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹಾವುಗಳ ವಿಷಯದಲ್ಲಿ ಜನ ಈಗ ಸಾಕಷ್ಟು ಎಚ್ಚರ ವಹಿಸುತ್ತಾರೆ. ಗೋಸುಂಬೆಯ ವಿಷಯದಲ್ಲಿ ಮಾತ್ರ ಹಸಿರಿದ್ದರೆ ಒಂದು ಹೆಸರು, ಪಟ್ಟೆಯಿದ್ದರೆ ಇನ್ನೊಂದು, ನೀಲಿ ಕಂಡರೆ ಮತ್ತೊಂದು ಎಂದು ಬಣ್ಣದ ಮೇಲೆಯೇ ತೀರ್ಪು ಕೊಟ್ಟುಬಿಡುತ್ತಾರೆ. ಮೈಬಣ್ಣ ಬದಲಿಸುವುದಕ್ಕೇ ಹೆಸರಾದ ಪ್ರಾಣಿಯನ್ನು ಬಣ್ಣದಿಂದ ಗುರುತಿಸಲು ಹೊರಡುವುದು ಎಂಥ ಕೆಲಸವೆಂದು ಬೇರೆ ಹೇಳಬೇಕಿಲ್ಲ. ನೋಡಬೇಕಾದದ್ದು ತಲೆಯ ಹಿಂಭಾಗವನ್ನು ಮತ್ತು ಹಿಂಗಾಲಿನ ಹಿಮ್ಮಡಿಯನ್ನು.

ಮೊದಲ ಹಂತ ಸುಲಭದ್ದು: ಚಿತ್ರದಲ್ಲಿರುವುದು ನಿಜವಾಗಿಯೂ ಗೋಸುಂಬೆಯೇ? ಬೇಲಿಯ ಮೇಲೆ ಕುಳಿತು ತಲೆಯಾಡಿಸುವ, ಕತ್ತು ಕೆಂಪೇರಿದ ಓತಿಕ್ಯಾತವನ್ನು ಗೋಸುಂಬೆಯೆಂದು ಕಳುಹಿಸುವವರು ಇಂದಿಗೂ ಇದ್ದಾರೆ. ಗೋಸುಂಬೆಯ ಬೆರಳುಗಳು ಎರಡು ಗುಂಪಾಗಿ ಕೂಡಿಕೊಂಡು ಇಕ್ಕಳದಂತೆ ಕೊಂಬೆಯನ್ನು ಹಿಡಿಯುತ್ತವೆ. ಮುಂಗಾಲಿನಲ್ಲಿ ಒಳಗೆ ಮೂರು ಹೊರಗೆ ಎರಡು, ಹಿಂಗಾಲಿನಲ್ಲಿ ಅದಕ್ಕೆ ತಿರುವುಮುರುವು. ಓತಿಕ್ಯಾತದ ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ಇಷ್ಟು ನೋಡಿದರೆ ಸಾಕು.

ಎರಡನೆಯ ಹಂತದಲ್ಲಿ, ಚಿತ್ರ ಎಲ್ಲಿಯದು ಎಂದು ಕೇಳಿ. ಜಗತ್ತಿನಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಭೇದದ ಗೋಸುಂಬೆಗಳಿದ್ದು, ಹತ್ತಿರ ಹತ್ತಿರ ಅರ್ಧದಷ್ಟು ಮಡಗಾಸ್ಕರ್ ಒಂದರಲ್ಲೇ ಇವೆ. ಭಾರತದಲ್ಲಿ ಸಹಜವಾಗಿ ಬದುಕುವುದು ಒಂದೇ ಒಂದು. ಅದು 1768ರಲ್ಲಿ ಲಾರೆಂಟಿ ಎಂಬ ಪ್ರಕೃತಿ ವಿಜ್ಞಾನಿ ಹೆಸರಿಟ್ಟ ಕಮೀಲಿಯೊ ಝೈಲಾನಿಕಸ್. ನೀವೇ ಹಿರಿಯೂರಿನ ಕಡೆ ಜಾಲಿ ಬೇಲಿಯಲ್ಲಿ ಕಂಡು ತೆಗೆದ ಚಿತ್ರವಾದರೆ ಮುಂದಿನ ಹಂತಗಳು ನಿಮಗೆ ಅಭ್ಯಾಸಕ್ಕೆ ಮಾತ್ರ. ತೊಂದರೆಯಿರುವುದು ಎಲ್ಲಿಂದಲೋ ಬಂದು, ‘ನಮ್ಮ ತೋಟದ್ದು’ ಎಂಬ ಒಕ್ಕಣೆ ಹೊತ್ತು ಹತ್ತು ಗುಂಪುಗಳನ್ನು ಸುತ್ತಿದ ಚಿತ್ರಗಳಲ್ಲಿ ಮತ್ತು ಯಾರದೋ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಕಂಡ ಪ್ರಾಣಿಗಳಲ್ಲಿ.

ಬಣ್ಣವನ್ನು ಏಕೆ ನಂಬಬಾರದೆಂಬುದಕ್ಕೆ ಕಾರಣವನ್ನು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಯಲ್ಲಿ ತೋರಿಸಿಕೊಟ್ಟರು. ಚರ್ಮದ ಕೆಲವು ಕೋಶಗಳಲ್ಲಿ ಗ್ವಾನಿನ್‌ನ ಅತಿ ಸೂಕ್ಷ್ಮ ಹರಳುಗಳು ಸಾಲಾಗಿ ಜೋಡಣೆಗೊಂಡಿರುತ್ತವೆ. ಪ್ರಾಣಿ ನೆಮ್ಮದಿಯಿಂದಿರುವಾಗ ಹರಳುಗಳು ಒತ್ತೊತ್ತಾಗಿದ್ದು ನೀಲಿ ಬೆಳಕನ್ನು ಮರಳಿಸುತ್ತವೆ, ಅದು ಮೇಲಿನ ಹಳದಿ ವರ್ಣದ್ರವ್ಯದೊಡನೆ ಬೆರೆತು ಹಸಿರಾಗಿ ಕಾಣುತ್ತದೆ. ಎದುರಾಳಿಯನ್ನು ಕಂಡು ಕೆರಳಿದಾಗ ಹರಳುಗಳ ನಡುವಿನ ಅಂತರ ಹೆಚ್ಚಿ, ಅದೇ ಚರ್ಮ ಹಳದಿಗೆ, ಕಿತ್ತಳೆಗೆ ತಿರುಗುತ್ತದೆ. ಅಂದರೆ ಚಿತ್ರದಲ್ಲಿ ಕಾಣುವ ಬಣ್ಣ ಪ್ರಾಣಿಯ ಆ ಗಳಿಗೆಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಪ್ರಭೇದವನ್ನಲ್ಲ. ಇದರ ಮೇಲೆ ಮೊಬೈಲಿನ ‘ಬ್ಯೂಟಿ’ ಫಿಲ್ಟರ್ ಬೇರೆ. ಚಿತ್ರವನ್ನು ಕಪ್ಪುಬಿಳುಪಾಗಿಸಿ ನೋಡುವುದೇ ಒಳ್ಳೆಯದು; ನಾನಂತೂ ಹಾಗೆಯೇ ಮಾಡುತ್ತೇನೆ.

ಇನ್ನು ತಲೆ. ಗೋಸುಂಬೆಯ ತಲೆಯ ಹಿಂಭಾಗ ಮೂಳೆಯ ಆಧಾರದಿಂದ ಟೊಪ್ಪಿಗೆಯಂತೆ ಮೇಲೆದ್ದಿರುತ್ತದೆ. ನಮ್ಮ ಗೋಸುಂಬೆಯಲ್ಲಿ ಬಾಯಿಯ ಮೂಲೆಯಿಂದ ಟೊಪ್ಪಿಗೆಯ ತುದಿಗಿರುವ ದೂರವು ಬಾಯಿಯ ಸೀಳಿನ ಉದ್ದಕ್ಕೆ ಸಮ ಅಥವಾ ಹೆಚ್ಚೂಕಡಿಮೆ ಸಮ. ಪರದೆಯ ಮೇಲೆ ಕಾಗದದ ಪಟ್ಟಿಯೊಂದನ್ನಿಟ್ಟು, ಮೂತಿಯ ತುದಿಯಿಂದ ಬಾಯಿಯ ಮೂಲೆಯವರೆಗೆ ಗುರುತು ಮಾಡಿ, ಅದೇ ಪಟ್ಟಿಯನ್ನು ಬಾಯಿಯ ಮೂಲೆಯಿಂದ ಮೇಲಕ್ಕೆ ತಿರುಗಿಸಿ ಹಿಡಿಯಿರಿ. ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ, ಸಾಕುಪ್ರಾಣಿ ವ್ಯಾಪಾರದಲ್ಲಿ ವೇಲ್ಡ್ ಕೆಮೀಲಿಯನ್ ಎಂದು ಮಾರಾಟವಾಗುವ ಕಮೀಲಿಯೊ ಕ್ಯಾಲಿಪ್ಟ್ರೇಟಸ್‌ನ ಬೆಳೆದ ಗಂಡಿನಲ್ಲಿ ಟೊಪ್ಪಿಗೆ ಆ ಗುರುತನ್ನು ದಾಟಿ, ಹಾಯಿ ಬಿಚ್ಚಿದಂತೆ ಎತ್ತರಕ್ಕೆ ಹೋಗಿರುತ್ತದೆ. ಅದರ ಗದ್ದದಡಿಯ ಶಂಕುವಿನಾಕಾರದ ಹುರುಪೆಗಳೂ ಗಡ್ಡದಂತೆ ಉದ್ದವಾಗಿರುತ್ತವೆ.

ಈ ಅಳತೆಗೆ ಎರಡು ಷರತ್ತುಗಳಿವೆ. ಮೊದಲನೆಯದಾಗಿ ಚಿತ್ರ ಸರಿಯಾಗಿ ಪಕ್ಕದಿಂದ ತೆಗೆದದ್ದಾಗಿರಬೇಕು. ಮೊಬೈಲನ್ನು ಮೂತಿಯ ಹತ್ತಿರಕ್ಕೆ ಒಯ್ದರೆ ಮೂತಿ ಉಬ್ಬಿ, ಟೊಪ್ಪಿಗೆ ಕುಗ್ಗಿ ಕಾಣುವುದರಿಂದ, ಎರಡು ಹೆಜ್ಜೆ ಹಿಂದೆ ನಿಂತು ಝೂಮ್ ಮಾಡಿ ತೆಗೆಯಬೇಕು. ಎರಡನೆಯದು ವಯಸ್ಸು. ಯೆಮನ್ ಗೋಸುಂಬೆಯ ಮರಿಯಲ್ಲಿ ಟೊಪ್ಪಿಗೆ ಗಿಡ್ಡವಾಗಿಯೇ ಇರುತ್ತದೆ. ಗುಂಪಿಗೆ ಬಂದ ಅಂಥ ಒಂದು ಮರಿಯ ಚಿತ್ರವನ್ನು ನಾನೇ ಒಮ್ಮೆ ಭಾರತೀಯ ಗೋಸುಂಬೆಯೆಂದು ಘಂಟಾಘೋಷವಾಗಿ ಹೇಳಿದ್ದೆ. ಕಳುಹಿಸಿದವರು ಎರಡು ತಿಂಗಳ ಬಳಿಕ ಅದೇ ಪ್ರಾಣಿಯ ಇನ್ನೊಂದು ಚಿತ್ರ ಹಾಕಿದಾಗ ತಲೆಯ ಮೇಲೆ ಹಾಯಿ ಏಳತೊಡಗಿತ್ತು. ಅಂದಿನಿಂದ ಮರಿಗಳಿಗೆ ಟೊಪ್ಪಿಗೆಯ ಅಳತೆಯೊಂದನ್ನೇ ನಂಬಿ ಹೆಸರು ಹೇಳುವುದನ್ನು ಬಿಟ್ಟಿದ್ದೇನೆ.

ಟೊಪ್ಪಿಗೆಯನ್ನು ನೋಡುವಾಗಲೇ ಅದರ ಹಿಂದೆ, ಕತ್ತಿನ ಎರಡು ಪಕ್ಕಗಳಲ್ಲಿ ಚರ್ಮದ ಪದರಗಳಿವೆಯೇ ನೋಡಿ. ಆಫ್ರಿಕದ ದಕ್ಷಿಣ ಮತ್ತು ಪೂರ್ವ ಭಾಗಗಳಲ್ಲಿ ಸಾಮಾನ್ಯವಾಗಿರುವ ಕಮೀಲಿಯೊ ಡೈಲೆಪಿಸ್‌ನಲ್ಲಿ ಇವು ಎದ್ದು ಕಾಣುವಷ್ಟು ದೊಡ್ಡವು, ಬೆದರಿಸುವಾಗ ಆನೆಯ ಕಿವಿಯಂತೆ ನಿಗುರುತ್ತವೆ. ಆದರೆ ಅವು ಕಿವಿಗಳಲ್ಲ, ಗೋಸುಂಬೆಗೆ ಹೊರಗಿವಿಯೇ ಇಲ್ಲ. ಭಾರತದ ಪ್ರಭೇದದಲ್ಲಿ ಈ ಪದರಗಳು ಇರುವುದಿಲ್ಲ, ಇದ್ದರೂ ಹೆಸರಿಗಷ್ಟೇ. ಪದರ ಮೈಗೆ ಒತ್ತಿಕೊಂಡಿದ್ದಾಗ ಬರಿಯ ಗೆರೆಯಂತೆ ಕಾಣುವುದರಿಂದ ಒಂದೇ ಚಿತ್ರ ನೋಡಿ ‘ಇಲ್ಲ’ ಎಂದು ಬರೆಯಬೇಡಿ.

ಬಹುಪಾಲು ಜನ ಬಿಟ್ಟುಬಿಡುವುದು ಹಿಮ್ಮಡಿಯನ್ನು, ಹೆಚ್ಚಿನ ಜಗಳ ತೀರುವುದೂ ಅಲ್ಲಿಯೇ. ಹಿಂಗಾಲು ಕೊಂಬೆಯನ್ನು ಹಿಡಿದಿರುವಾಗ ಪಾದ ಮತ್ತು ಮೊಣಕಾಲಿನ ಕೆಳಭಾಗ ಸೇರುವಲ್ಲಿ, ಹಿಂದಕ್ಕೆ ಚಾಚಿದ ಒಂದು ಪುಟ್ಟ ಗುಬುಟು ಕೆಲವು ಪ್ರಭೇದಗಳ ಗಂಡಿನಲ್ಲಿರುತ್ತದೆ. ಹುಂಜದ ಕಾಲಿನ ಮುಳ್ಳನ್ನು ನೆನಪಿಗೆ ತರುವಂಥದ್ದು, ಆದರೆ ಅಷ್ಟು ಚೂಪಲ್ಲ. ಭಾರತೀಯ ಗೋಸುಂಬೆಯ ಗಂಡಿಗೆ ಇದು ಉಂಟು. 19ನೇ ಶತಮಾನದ ಪುಸ್ತಕಗಳಲ್ಲಿ ನಮ್ಮ ಪ್ರಾಣಿಗಿದ್ದ ಕ್ಯಾಲ್ಕರೇಟಸ್ ಎಂಬ ಹೆಸರಿಗೆ ಲ್ಯಾಟಿನ್‌ನಲ್ಲಿ ‘ಕಾಲುಮುಳ್ಳುಳ್ಳದ್ದು’ ಎಂದೇ ಅರ್ಥ. ಮೆಡಿಟರೇನಿಯನ್ ಸುತ್ತಲಿನ ಸಾಮಾನ್ಯ ಗೋಸುಂಬೆ, 1758ರಲ್ಲಿ ಲಿನೇಯಸ್ ಹೆಸರಿಟ್ಟ ಕಮೀಲಿಯೊ ಕಮೀಲಿಯಾನ್, ಮೈಕಟ್ಟಿನಲ್ಲಿ ನಮ್ಮದಕ್ಕೆ ತುಂಬ ಹತ್ತಿರವಿದ್ದರೂ ಅದರ ಗಂಡಿಗೂ ಹೆಣ್ಣಿಗೂ ಈ ಮುಳ್ಳಿಲ್ಲ. ಗ್ರೀಸ್ ದೇಶದಲ್ಲಿ ಈ ಒಂದು ಲಕ್ಷಣ ಬಹಳ ಉಪಯೋಗಕ್ಕೆ ಬರುತ್ತದೆ: ಸಾಮೋಸ್ ದ್ವೀಪದಲ್ಲಿರುವುದು ಮುಳ್ಳಿಲ್ಲದ ಸಾಮಾನ್ಯ ಗೋಸುಂಬೆ, ಪೆಲೊಪೊನೀಸ್‌ನ ಪಿಲೊಸ್ ಬಳಿ ಇರುವುದು ಗಂಡಿನ ಹಿಮ್ಮಡಿಯಲ್ಲಿ ಮುಳ್ಳುಳ್ಳ ಆಫ್ರಿಕನ್ ಗೋಸುಂಬೆ (ಕಮೀಲಿಯೊ ಆಫ್ರಿಕಾನಸ್; ಮೇಲೆ ಹೇಳಿದ ಡೈಲೆಪಿಸ್ ಅಲ್ಲ).

ಮುಳ್ಳು ಕಂಡರೆ ಅದು ಗಂಡು, ಮತ್ತು ಸಾಮಾನ್ಯ ಗೋಸುಂಬೆಯಂತೂ ಅಲ್ಲ ಎಂದು ಖಚಿತವಾಗಿ ಹೇಳಬಹುದು. ಕಾಣದಿದ್ದರೆ ಅಷ್ಟು ಖಚಿತವಾಗಿ ಏನನ್ನೂ ಹೇಳುವಂತಿಲ್ಲ. ಅದು ಹೆಣ್ಣಾಗಿರಬಹುದು, ಮುಳ್ಳು ಕೊಂಬೆಯ ಮರೆಯಲ್ಲಿರಬಹುದು. ಬಾಲದ ಬುಡ ಉಬ್ಬಿದ್ದರೆ ಬೆಳೆದ ಗಂಡೆಂದು ತಿಳಿದು ಹಿಮ್ಮಡಿಯನ್ನು ಮತ್ತೊಮ್ಮೆ ಹುಡುಕಿ. ಯೆಮನ್ ಗೋಸುಂಬೆಯ ಗಂಡುಮರಿಗೆ ಮೊಟ್ಟೆಯೊಡೆದು ಬರುವಾಗಲೇ ಈ ಮುಳ್ಳಿರುವುದರಿಂದ, ಅದು ಮತ್ತು ನಮ್ಮದರ ನಡುವಿನ ಪ್ರಶ್ನೆಯನ್ನು ಹಿಮ್ಮಡಿ ಬಗೆಹರಿಸುವುದಿಲ್ಲ. ಅಲ್ಲಿ ಟೊಪ್ಪಿಗೆಗೇ ಮರಳಬೇಕು. ಆಫ್ರಿಕನ್ ಗೋಸುಂಬೆಗಂತೂ ಮುಳ್ಳೂ ಉಂಟು, ಕತ್ತಿನ ಪದರವೂ ಇಲ್ಲ. ಅದನ್ನು ನಮ್ಮದರಿಂದ ಚಿತ್ರದಲ್ಲಿ ಬೇರ್ಪಡಿಸುವ ಸಾಹಸಕ್ಕೆ ಸ್ಥಳ ತಿಳಿಯದೆ ನಾನು ಕೈಹಾಕುವುದಿಲ್ಲ.

ಗದ್ದದಿಂದ ಹೊಟ್ಟೆಯವರೆಗೆ ಸಾಗುವ ಬಾಚಣಿಗೆಯಂಥ ಹುರುಪೆಗಳ ಸಾಲು ಹಲವು ಪ್ರಭೇದಗಳಲ್ಲಿ ಇರುವುದರಿಂದ ಅದೊಂದೇ ಪುರಾವೆಯಾಗದು. ಚಿತ್ರ ಹಾಕಿದೊಡನೆ ಹೆಸರು ಹೇಳುವ ಆ್ಯಪ್‌ಗಳನ್ನು ಕುಲದ (ವೈಜ್ಞಾನಿಕ ಹೆಸರಿನ ಮೊದಲ ಪದ, ಇಲ್ಲಿ ಕಮೀಲಿಯೊ) ಮಟ್ಟಕ್ಕೆ ಮಾತ್ರ ನಂಬಿ. ಟಾರ್ಚಿನ ಬಗ್ಗೆಯೂ ಒಂದು ಮಾತು: ರಾತ್ರಿ ಕೊಂಬೆಯ ತುದಿಯಲ್ಲಿ ಮಲಗಿದ ಗೋಸುಂಬೆ ಬಿಳಿಚಿಕೊಂಡು ಸುಲಭವಾಗಿ ಕಣ್ಣಿಗೆ ಬೀಳುತ್ತದೆ, ಹಿಮ್ಮಡಿಯೂ ಸ್ಪಷ್ಟವಾಗಿ ಸಿಗುತ್ತದೆ. ಆದರೆ ಕಣ್ಣಿಗೆ ಬೆಳಕು ಹಿಡಿಯದೆ ಎರಡು ಚಿತ್ರ ತೆಗೆದು ಹೊರಡಿ. ಒಳ್ಳೆಯ ಕೋನಕ್ಕಾಗಿ ಕೊಂಬೆ ಮುರಿದು ತರುವವರನ್ನು, ಬಾಲ ಹಿಡಿದು ಎಳೆಯುವವರನ್ನು ಕಂಡಿದ್ದೇನೆ. ಹಲ್ಲಿಯ ಬಾಲದಂತೆ ಗೋಸುಂಬೆಯ ಬಾಲ ಮತ್ತೆ ಬೆಳೆಯುವುದಿಲ್ಲ, ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ.

ಕೊನೆಯ ಹಂತ ದಾಖಲೆಯದು. ಸ್ಥಳ, ದಿನಾಂಕ, ಟೊಪ್ಪಿಗೆಯ ಅಳತೆ, ಕತ್ತಿನ ಪದರ, ಹಿಮ್ಮಡಿ ಮುಳ್ಳು ಇವಿಷ್ಟನ್ನೂ ಬರೆದು, ಕಾಣದ್ದರ ಮುಂದೆ ‘ಇಲ್ಲ’ ಎನ್ನದೆ ‘ಕಂಡಿಲ್ಲ’ ಎಂದೇ ನಮೂದಿಸಿ. ಮೂರರಲ್ಲಿ ಎರಡು ಲಕ್ಷಣಗಳಾದರೂ ಸ್ಪಷ್ಟವಾಗಿ ಸಿಗದಿದ್ದರೆ ‘ಕಮೀಲಿಯೊ, ಪ್ರಭೇದ ಅನಿಶ್ಚಿತ’ ಎಂದು ಬರೆದು ಚಿತ್ರವನ್ನು ಹಾಗೆಯೇ ಇಟ್ಟುಕೊಳ್ಳಿ.