ಬುಸಾನ್‌ನಲ್ಲಿ ಬ್ರ್ಯಾಂಡೆಡ್ ಖರೀದಿ: ತೆರಿಗೆ ವಾಪಸ್ ಪಡೆಯುವ ಬಗೆ, ಜೊತೆಗೊಂದಿಷ್ಟು ಸುತ್ತಾಟ

ಕೊರಿಯಾದಲ್ಲಿ ‘ಡ್ಯೂಟಿ ಫ್ರೀ’ ಬೇರೆ, ‘ಟ್ಯಾಕ್ಸ್ ಫ್ರೀ’ ಬೇರೆ. ಡ್ಯೂಟಿ ಫ್ರೀ ಅಂಗಡಿಯ ಬೆಲೆಯಲ್ಲಿ ಸುಂಕ, ತೆರಿಗೆ ಮೊದಲೇ ಇರುವುದಿಲ್ಲ. ಅಲ್ಲಿ ಕೊಂಡ ವಿದೇಶಿ ಬ್ರ್ಯಾಂಡ್‌ನ ಸಾಮಾನು ಕೈಗೆ ಸಿಗುವುದು ವಿಮಾನ ನಿಲ್ದಾಣದಲ್ಲಿ, ಇಮಿಗ್ರೇಶನ್ ದಾಟಿದ ಮೇಲೆ. ಟ್ಯಾಕ್ಸ್ ಫ್ರೀ ಫಲಕ ಇರುವ ಅಂಗಡಿಯಲ್ಲಾದರೆ ತೆರಿಗೆ ಸೇರಿದ ಪೂರ್ತಿ ಬೆಲೆ ಕೊಟ್ಟು, ಸಾಮಾನು ಆಗಲೇ ತೆಗೆದುಕೊಂಡು, ಶೇ. 10ರ ವ್ಯಾಟ್‌ನಲ್ಲಿ ಒಂದು ಪಾಲನ್ನು ಆಮೇಲೆ ವಾಪಸ್ ಪಡೆಯಬೇಕು. ಗೊಂದಲವಾಗುವುದು ಈ ಎರಡನೆಯದರಲ್ಲೇ.

ಮೊದಲು ನೋಡಬೇಕಾದ್ದು ಅರ್ಹತೆ. ಕೊರಿಯಾದಲ್ಲಿ ಆರು ತಿಂಗಳಿಗಿಂತ ಕಡಿಮೆ ಕಾಲ ಇರುವ ವಿದೇಶಿಯರಿಗೆ ಮಾತ್ರ ಈ ಸೌಲಭ್ಯ. ಉಲ್ಸಾನ್, ಗೊಜೆಯ ಹಡಗುಕಟ್ಟೆಗಳಲ್ಲೋ ಬುಸಾನ್‌ನ ಕಂಪನಿಗಳಲ್ಲೋ ಕೆಲಸಕ್ಕಿರುವ ನಮ್ಮವರಿಗೆ ಸಿಗದು. ಆರು ತಿಂಗಳು ಕಳೆದ ವಿದ್ಯಾರ್ಥಿಗಳಿಗೂ ಇಲ್ಲ. ಊರಿಂದ ಬಂದ ಅಪ್ಪ-ಅಮ್ಮ ಕೊಳ್ಳುವುದಾದರೆ ಪಾಸ್‌ಪೋರ್ಟ್ ಅವರದೇ ಇರಲಿ, ಸಾಮಾನೂ ಅವರ ಜೊತೆಗೇ ದೇಶ ಬಿಡಲಿ. ನೀವು ಬಳಸಲು ಇಟ್ಟುಕೊಳ್ಳುವ ಬ್ಯಾಗನ್ನು ಅವರ ಹೆಸರಲ್ಲಿ ಬರೆಸುವುದು ನಿಯಮಬಾಹಿರ.

ಬುಸಾನ್‌ನಲ್ಲಿ ಇಂಥ ಖರೀದಿಗೆ ಒಂದೇ ಜಾಗ ಹೇಳಿ ಎಂದರೆ ಶಿನ್‌ಸೆಗೆ ಸೆಂಟಮ್ ಸಿಟಿ. ಜಗತ್ತಿನ ಅತಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಎಂದು 2009ರಲ್ಲಿ ಗಿನ್ನೆಸ್ ದಾಖಲೆ ಸೇರಿದ್ದು ಇದೇ. ಮೆಟ್ರೋ 2ನೇ ಲೈನ್‌ನ ಸೆಂಟಮ್ ಸಿಟಿ ನಿಲ್ದಾಣದಿಂದ ನೆಲದಡಿಯಲ್ಲೇ ಒಳಗೆ ಹೋಗಬಹುದು. ತಿಂಗಳಿಗೊಮ್ಮೆ, ಹೆಚ್ಚಾಗಿ ಸೋಮವಾರ, ಅಂಗಡಿಗೆ ರಜೆ. ದಿನ ನೋಡಿಕೊಂಡು ಹೊರಡಿ. ದೊಡ್ಡ ಬ್ರ್ಯಾಂಡ್‌ಗಳ ಮಳಿಗೆಗೆ ನೇರ ನುಗ್ಗುವಂತಿಲ್ಲ, ಕಾಯುವ ಪಟ್ಟಿಗೆ ಹೆಸರು ಸೇರಿಸಬೇಕಾಗುತ್ತದೆ. ಅಲ್ಲಿ ಕೊರಿಯಾದ ಫೋನ್ ನಂಬರ್ ಕೇಳುವುದುಂಟು. ಬರೀ ಡೇಟಾ ಇರುವ ಇ-ಸಿಮ್‌ನಲ್ಲಿ ನಂಬರೇ ಇರುವುದಿಲ್ಲವಾದ್ದರಿಂದ ಪಾಸ್‌ಪೋರ್ಟ್ ತೋರಿಸಿ ಸಿಬ್ಬಂದಿಯಿಂದಲೇ ಹೆಸರು ಸೇರಿಸಿಕೊಳ್ಳಿ.

ಒಂದು ಬಿಲ್ ಕನಿಷ್ಠ 15,000 ವಾನ್ ಇದ್ದರೆ ರೀಫಂಡ್ ಕೇಳಬಹುದು. ‘ತಕ್ಷಣದ ರೀಫಂಡ್’ ಇರುವ ಅಂಗಡಿಯಲ್ಲಿ ಬಿಲ್ 10 ಲಕ್ಷ ವಾನ್‌ಗಿಂತ ಕಡಿಮೆಯಿದ್ದರೆ ತೆರಿಗೆ ಕಳೆದೇ ಹಣ ತೆಗೆದುಕೊಳ್ಳುತ್ತಾರೆ. ಒಂದು ಪ್ರವಾಸಕ್ಕೆ ಇದರ ಒಟ್ಟು ಮಿತಿ 50 ಲಕ್ಷ ವಾನ್. ಈ ಎರಡೂ ಮಿತಿಗಳನ್ನು ದುಪ್ಪಟ್ಟು ಮಾಡಿದ್ದು 2024ರಲ್ಲಿ. ಕ್ರೀಮು, ಸೀರಮ್ಮು, ಬಟ್ಟೆಗೆ ಇದು ಸಾಕು. ದುಬಾರಿ ಹ್ಯಾಂಡ್‌ಬ್ಯಾಗ್ ಒಂದೇ ಬಿಲ್‌ನಲ್ಲಿ ಮಿತಿ ದಾಟುತ್ತದೆ. ಆಗ ಮಾಮೂಲಿ ರಸೀದಿಯ ಜೊತೆ ರೀಫಂಡ್ ಚೀಟಿಯನ್ನೂ ಕೇಳಿ ಪಡೆಯಬೇಕು. ಪಾಸ್‌ಪೋರ್ಟ್ ಹೋಟೆಲಲ್ಲಿ ಬಿಟ್ಟು ಬಂದು ಫೋಟೋ ತೋರಿಸಿದರೆ ಎಲ್ಲರೂ ಒಪ್ಪುವುದಿಲ್ಲ.

ವಾಪಸ್ ಎಷ್ಟು ಬರುತ್ತದೆ? 33 ಲಕ್ಷ ವಾನ್ ಬ್ಯಾಗಿನ ಬೆಲೆಯೊಳಗೆ ವ್ಯಾಟ್ 3 ಲಕ್ಷ. ರೀಫಂಡ್ ಕಂಪನಿಯ ಶುಲ್ಕ ಕಳೆದು ಬೆಲೆಯ ಶೇ. 7 ಸಿಕ್ಕಿತೆಂದರೂ ಕೈಗೆ ಬರುವುದು 2.31 ಲಕ್ಷ. ನಿಮ್ಮ ಭಾರತದ ಕ್ರೆಡಿಟ್ ಕಾರ್ಡ್ ಶೇ. 3.5 ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದಲ್ಲಿ ಕೊಂಡಾಗ ಬ್ಯಾಂಕ್ ಸೇರಿಸುವ ಶುಲ್ಕ) ಹಾಕುವಂಥದ್ದಾದರೆ 1.15 ಲಕ್ಷ ಅಲ್ಲೇ ಹೋಯಿತು, ಅದರ ಮೇಲಿನ ಜಿಎಸ್‌ಟಿ ಬೇರೆ. ಮಾರ್ಕಪ್ ಇಲ್ಲದ ಕಾರ್ಡ್ ಇದ್ದರೆ ಅದನ್ನೇ ಉಜ್ಜಿ. ಯಂತ್ರ ‘ರೂಪಾಯಿಯೋ ವಾನೋ’ ಎಂದು ಕೇಳಿದರೆ ವಾನ್ ಒತ್ತಿ. ರೂಪಾಯಿ ಒತ್ತಿದವರಿಗೆ ಸಿಗುವ ದರ ಯಾವಾಗಲೂ ಕಳಪೆ.

ಊರೊಳಗಿನ ಕೌಂಟರ್‌ನಲ್ಲೇ ರೀಫಂಡ್ ಹಣ ಮುಂಗಡವಾಗಿ ಪಡೆದರೆ ಭದ್ರತೆಗೆ ಕಾರ್ಡ್ ವಿವರ ತೆಗೆದುಕೊಳ್ಳುತ್ತಾರೆ. ನಿಲ್ದಾಣದಲ್ಲಿ ಕಸ್ಟಮ್ಸ್ ದೃಢೀಕರಣ ಮಾಡಿಸದೆ ವಿಮಾನ ಹತ್ತಿದರೆ ಆ ಹಣ ಕಾರ್ಡಿನಿಂದ ವಸೂಲಾಗುತ್ತದೆ.

ಹೆಚ್ಚಿನವರು ಎಡವುವುದು ವಿಮಾನ ನಿಲ್ದಾಣದಲ್ಲಿ. ಚೆಕ್-ಇನ್ ಮಹಡಿಯ ರೀಫಂಡ್ ಕಿಯಾಸ್ಕ್‌ನಲ್ಲಿ ಪಾಸ್‌ಪೋರ್ಟ್, ಚೀಟಿ ಸ್ಕ್ಯಾನ್ ಮಾಡಬೇಕು. ಒಂದು ಚೀಟಿಯ ರೀಫಂಡ್ ಮೊತ್ತ 75,000 ವಾನ್ ಮುಟ್ಟಿದರೆ ಅಧಿಕಾರಿ ಸಾಮಾನನ್ನು ಕಣ್ಣಾರೆ ನೋಡಬೇಕು, ಅದೂ ಬಳಸದ ಸ್ಥಿತಿಯಲ್ಲಿ. ಸೂಟ್‌ಕೇಸ್ ಬೆಲ್ಟಿನ ಮೇಲೆ ಹೋದಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ಬ್ಯಾಗು ಚೆಕ್-ಇನ್ ಸಾಮಾನಿನೊಳಗಿದ್ದರೆ ಏರ್‌ಲೈನ್ ಕೌಂಟರ್‌ನಲ್ಲಿ ‘ಟ್ಯಾಕ್ಸ್ ರೀಫಂಡ್’ ಎಂದು ಮೊದಲೇ ಹೇಳಿ. ಟ್ಯಾಗ್ ಅಂಟಿಸಿ ಸೂಟ್‌ಕೇಸ್ ವಾಪಸ್ ಕೊಡುತ್ತಾರೆ, ಕಸ್ಟಮ್ಸ್‌ನಲ್ಲಿ ತೋರಿಸಿದ ಮೇಲೆ ಅದು ವಿಮಾನಕ್ಕೆ ಹೋಗುತ್ತದೆ. ದೃಢೀಕರಣ ಆಗಬೇಕಾದ್ದು ನೀವು ಕೊರಿಯಾ ಬಿಡುವ ನಿಲ್ದಾಣದಲ್ಲಿ: ಬುಸಾನ್‌ನ ವಿಮಾನ ನಿಲ್ದಾಣವಾದ ಗಿಮ್ಹೆಯಿಂದ ಸಿಂಗಾಪುರಕ್ಕೆ ಹಾರಿದರೆ ಗಿಮ್ಹೆಯಲ್ಲಿ, ಕೆಟಿಎಕ್ಸ್ ರೈಲಿನಲ್ಲಿ ಸೋಲ್‌ಗೆ ಹೋಗಿ ಇಂಚಿಯಾನ್‌ನಿಂದ ಹೊರಟರೆ ಇಂಚಿಯಾನ್‌ನಲ್ಲಿ. ಕೊಂಡ ದಿನದಿಂದ ಮೂರು ತಿಂಗಳೊಳಗೆ ಸಾಮಾನು ದೇಶ ಬಿಡಬೇಕು.

ಖರೀದಿ ಮುಗಿಸಿ ಚೀಲವನ್ನು ಹೋಟೆಲಿಗೆ ಸೇರಿಸಿದರೆ ಮಧ್ಯಾಹ್ನ ಪೂರ್ತಿ ಕೈಯಲ್ಲಿರುತ್ತದೆ. ಶಿನ್‌ಸೆಗೆಯ ಹಿಂದೆಯೇ ಬುಸಾನ್ ಸಿನೆಮಾ ಸೆಂಟರ್. ಒಂದೇ ಕಂಬದಿಂದ ಚಾಚಿಕೊಂಡ ಅದರ ಛಾವಣಿಯನ್ನು ಕತ್ತಲಾದ ಮೇಲೆ, ದೀಪ ಹಚ್ಚಿದಾಗ ನೋಡಬೇಕು. ಮೆಟ್ರೋದಲ್ಲಿ ಮೂರನೇ ನಿಲ್ದಾಣ ಹೆಉಂಡೆ ಕಡಲತೀರ. ಅದರ ಪೂರ್ವ ತುದಿಯ ಮಿಪೊದಿಂದ ಚೊಂಗ್ಸಾಪೊವರೆಗೆ ಹಳೆಯ ರೈಲುಹಾದಿಯ ಮೇಲೆ ನಾಲ್ಕು ಜನರ ಪುಟ್ಟ ಸ್ಕೈ ಕ್ಯಾಪ್ಸೂಲ್‌ಗಳು ತೆವಳುತ್ತವೆ, 2 ಕಿ.ಮೀ.ಗೆ ಸುಮಾರು ಅರ್ಧ ಗಂಟೆ. ವಾರಾಂತ್ಯಕ್ಕೆ ಮುಂಚೆಯೇ ಬುಕ್ ಮಾಡಿ. ಸಿಗದಿದ್ದರೆ ಸೊಂಗ್ಜೊಂಗ್‌ವರೆಗೆ ಹೋಗುವ ಬೀಚ್ ಟ್ರೈನ್ ಹತ್ತಿ, ಸಮುದ್ರವೇನೋ ಅದೇ. ಇನ್ನೂ ಆಚೆ ಬಂಡೆಗಳ ಮೇಲೆ ಹೆದೊಂಗ್ ಯೊಂಗ್‌ಗುಂಗ್‌ಸಾ ಬೌದ್ಧ ದೇವಾಲಯವಿದೆ, 1376ರಲ್ಲಿ ಸ್ಥಾಪನೆಯಾದದ್ದು, ಪ್ರವೇಶ ಉಚಿತ. ಮಂಡಿ ನೋವಿನ ಹಿರಿಯರಿದ್ದರೆ ನೂರಕ್ಕೂ ಹೆಚ್ಚು ಮೆಟ್ಟಿಲಿರುವುದನ್ನು ಮೊದಲೇ ಹೇಳಿಬಿಡಿ. ಅದೇ ದಿಕ್ಕಿನಲ್ಲಿ, ಒಸಿರಿಯಾ ರೈಲು ನಿಲ್ದಾಣದ ಬಳಿ ಲೊಟ್ಟೆ ಪ್ರೀಮಿಯಂ ಔಟ್‌ಲೆಟ್ ಇದೆ. ಈ ಸಾಲಿನ ಹೊಸ ಮಾದರಿಯೇ ಬೇಕೆಂಬ ಹಟವಿಲ್ಲದವರು ಸೆಂಟಮ್ ಸಿಟಿಗಿಂತ ಇಲ್ಲಿಗೇ ಹೋಗುವುದು ಜಾಣತನ.

ಕೊರಿಯಾದಲ್ಲಿ ತೆರಿಗೆ ವಾಪಸಾದ ಮಾತ್ರಕ್ಕೆ ಭಾರತದಲ್ಲಿ ಸುಂಕ ಮಾಫಿಯಾಗುವುದಿಲ್ಲ. ಬ್ಯಾಗೇಜ್ ವಿನಾಯಿತಿಯ ಮಿತಿಗಿಂತ ಹೆಚ್ಚಿನ ಮೌಲ್ಯಕ್ಕೆ ಸುಂಕ ಕಟ್ಟಬೇಕು, ಮೇಲಿನ ಬ್ಯಾಗ್ ಒಂದೇ ಆ ಮಿತಿ ದಾಟುತ್ತದೆ. ಹೊರಡುವ ಮುನ್ನ ಭಾರತೀಯ ಕಸ್ಟಮ್ಸ್ ಜಾಲತಾಣದಲ್ಲಿ ಈಗಿನ ಮಿತಿ ನೋಡಿ ಲೆಕ್ಕ ಹಾಕಿ. ಬೆಂಗಳೂರಿನಲ್ಲಿ ಇಳಿದವರು ರಸೀದಿ ಹಿಡಿದು, ಸುಂಕ ಕಟ್ಟಬೇಕಾದವರ ಸಾಲಾದ ರೆಡ್ ಚಾನೆಲ್‌ಗೆ ಹೋಗಬೇಕು. ದಿಲ್ಲಿಯಲ್ಲಿ ವಿಮಾನ ಬದಲಿಸುವವರು ಡ್ಯೂಟಿ ಫ್ರೀಯಲ್ಲಿ ಕೊಂಡ ಸುಗಂಧದ್ರವ್ಯದ ಬಾಟಲಿಯನ್ನು, ಸೂಟ್‌ಕೇಸ್ ಕೈಗೆ ಬಂದಾಗ ಅದರೊಳಗೆ ಸೇರಿಸಿಬಿಡಿ. ಕೈಚೀಲದಲ್ಲಿದ್ದರೆ ದೇಶೀಯ ವಿಮಾನದ ಭದ್ರತಾ ತಪಾಸಣೆಯಲ್ಲಿ ತಡೆಯಬಹುದು.