ಬೆಸುಗೆ ಬಿಟ್ಟಿರಲಿಲ್ಲ, ಪಕ್ಕದಲ್ಲೇ ಮುರಿದಿತ್ತು

ಜುಲೈ ತಿಂಗಳು, ನಾಟಿ ಸಮಯ. ತೀರ್ಥಹಳ್ಳಿ ಕಡೆಯ ಹಿರಿಯ ರೈತರೊಬ್ಬರು ಟ್ರ್ಯಾಕ್ಟರಿಗೆ ಕಟ್ಟಿ ಗದ್ದೆ ಹದ ಮಾಡುವ ರೋಟವೇಟರಿನ ಶಾಫ್ಟ್ ತಂದಿದ್ದರು. ಗದ್ದೆಯಲ್ಲಿ ನೀರು ತುಂಬಿದೆ, ಟ್ರ್ಯಾಕ್ಟರ್ ಸುಮ್ನೆ ನಿಂತಿದೆ. ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ನನ್ನ ಶೆಡ್ಡಿನಲ್ಲಿ ಒಂದೇ ಗಂಟೆಯಲ್ಲಿ ವೆಲ್ಡಿಂಗ್ ಮಾಡಿ ಕೊಟ್ಟೆ. ಬೀಡ್ (ಬೆಸುಗೆಯ ಗೆರೆ) ಚೆನ್ನಾಗಿ ಕೂತಿತ್ತು, ಗ್ರೈಂಡ್ ಮಾಡಿದಾಗ ಒಂದು ತೂತೂ ಕಾಣಲಿಲ್ಲ. ಎರಡು ದಿನ ಬಿಟ್ಟು ಅದೇ ಶಾಫ್ಟ್ ಹಿಡಿದು ಬಂದರು.

"ನೀನು ಹಾಕಿದ್ದು ಬಿಟ್ಟಿಲ್ಲ ಮಾರಾಯ, ಅದರ ಪಕ್ಕದಲ್ಲೇ ಮುರಿದಿದೆ ನೋಡು" ಎಂದರು.

ಬೆಸುಗೆಯ ಅಂಚಿನಿಂದ ಒಂದೆರಡು ಮಿಲಿಮೀಟರ್ ಆಚೆ ಮುರಿದಿತ್ತು. ಮುರಿದ ಮುಖ ಕಲ್ಲುಸಕ್ಕರೆ ಒಡೆದ ಹಾಗೆ ಹರಳು ಹರಳಾಗಿ ಹೊಳೆಯುತ್ತಿತ್ತು. ಎಲ್ಲೂ ಬಗ್ಗಿದ ಗುರುತಿಲ್ಲ. ಪೆಟ್ಟು ತಡೆದುಕೊಂಡು ಕೊನೆಗೆ ಸೋತ ಉಕ್ಕು ಹೀಗಿರುವುದಿಲ್ಲ. ಅದು ಬೂದು ಬಣ್ಣಕ್ಕೆ, ನಾರು ನಾರಾಗಿ ಕಿತ್ತುಬಂದಿರುತ್ತದೆ.

ಆ ತುಂಡನ್ನು ಭದ್ರಾವತಿಯಲ್ಲಿ ಉಕ್ಕಿನ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿಗೆ ತೋರಿಸಿದೆ. ಆ ಊರು 1923ರಲ್ಲೇ ಕಟ್ಟಿಗೆ ಇದ್ದಿಲು ಉರಿಸಿ ಕಬ್ಬಿಣ ಕರಗಿಸಿದ ಊರು, ಕಾವಿನ ವಿಷಯ ಅಲ್ಲಿಯವರಿಂದಲೇ ಕೇಳಬೇಕು. ಅವರು ಹೇಳಿದ್ದು ಇಷ್ಟು. ಇದು ಇಎನ್8 ಎಂಬ ದರ್ಜೆಯ ಉಕ್ಕು, ಇಂಗಾಲ ಶೇಕಡಾ 0.4ರ ಹತ್ತಿರ. ಗೇಟು, ಗ್ರಿಲ್ಲಿಗೆ ಬಳಸುವ ಮೈಲ್ಡ್ ಸ್ಟೀಲಿಗಿಂತ ಸುಮಾರು ಎರಡು ಪಟ್ಟು. ತಣ್ಣಗಿರುವ ದಪ್ಪ ಶಾಫ್ಟಿಗೆ ಹಾಗೇ ವೆಲ್ಡಿಂಗ್ ಮಾಡಿದರೆ ಶಾಫ್ಟೇ ಕಾವನ್ನು ಹೀರಿಬಿಡುತ್ತದೆ. 800 ಡಿಗ್ರಿಯಿಂದ 500ಕ್ಕೆ ಕೆಲವೇ ಸೆಕೆಂಡಿನಲ್ಲಿ ಇಳಿಯುತ್ತದೆ. ಆಗ ಬೆಸುಗೆ ಪಕ್ಕದ ಪಟ್ಟಿ, ದಿಢೀರ್ ತಣಿದ ಉಕ್ಕಿನ ರೂಪವಾದ ಮಾರ್ಟೆನ್‌ಸೈಟ್ ಆಗುತ್ತದೆ. ಅದು ಗಾಜಿನ ಹಾಗೆ, ಗಡಸು ಜಾಸ್ತಿ, ಪೆಟ್ಟು ತಡೆಯುವ ಗುಣ, ಅಂದರೆ ಟಫ್‌ನೆಸ್ ಇಲ್ಲ. ಮೇಲೆ ನಮ್ಮ ಮಳೆಗಾಲದ ಥಂಡಿ. ವೆಲ್ಡಿಂಗ್ ರಾಡಿನಲ್ಲಿದ್ದ ಪಸೆ ಹೈಡ್ರೋಜನ್ ಆಗಿ ಒಳಗೆ ಸೇರುತ್ತದೆ. ಅದರಿಂದಾಗುವ ಬಿರುಕು ಕೂಡಲೇ ಬರಬೇಕೆಂದಿಲ್ಲ, 48 ಗಂಟೆ ಬಿಟ್ಟೂ ಬರಬಹುದು.

ಕೇಳಿದ್ದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. 16 ಮಿಲಿಮೀಟರ್ ದಪ್ಪದ ಇಎನ್8 ಪಟ್ಟಿಗಳನ್ನು ಜೋಡಿಸಿ ಮೂರು ಬೆಸುಗೆ ಹಾಕಿದೆ. ಮೊದಲನೆಯದು ತಣ್ಣಗಿದ್ದ ಪಟ್ಟಿಗೆ. ಎರಡನೆಯದು 200 ಡಿಗ್ರಿಗೆ ಕಾಯಿಸಿಕೊಂಡು. ಮೂರನೆಯದು ಒಂದು ಪಾಸ್ (ಒಂದು ಸಲ ಎಳೆದ ಬೀಡ್) ಮೇಲೆ ಇನ್ನೊಂದು ಪಾಸ್, ಆರಲು ಬಿಡದೆ. ಬೆಸುಗೆ ಅಂಚಿನಲ್ಲಿ ಹ್ಯಾಕ್ಸಾದಿಂದ ಗೀರು ಹಾಕಿ, ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆದೆ. ಮೊದಲನೆಯದು ಒಂದೇ ಪೆಟ್ಟಿಗೆ ಟಣ್ ಎಂದು ಹಾರಿತು. ಎರಡನೆಯದು ಬಗ್ಗಿತು, ಮತ್ತೆ ಬಗ್ಗಿತು, ಕೈ ಸೋತ ಮೇಲೆ ನಿಧಾನವಾಗಿ ಬಾಯಿ ಬಿಟ್ಟಿತು. ಮೂರನೆಯದು ಸ್ವಲ್ಪ ಬಗ್ಗಿ ಮುರಿಯಿತು. ಅದರ ಹರಳು ದಪ್ಪದಪ್ಪ, ಬರಿಗಣ್ಣಿಗೇ ಕಾಣುತ್ತಿತ್ತು. ಕಾವು ಕಡಿಮೆಯಾದರೆ ಮಾತ್ರ ತೊಂದರೆ ಎಂದುಕೊಂಡಿದ್ದೆ, ಜಾಸ್ತಿಯಾದರೂ ಟಫ್‌ನೆಸ್ ಹೋಗುತ್ತದೆ ಅಂತ ಅವತ್ತು ಕಂಡೆ.

ಹೊಸ ಶಾಫ್ಟ್ ತುಂಡು ಹಾಕಿ ಆ ಕೆಲಸವನ್ನು ಮತ್ತೆ ಮಾಡಿಕೊಟ್ಟೆ. ಬೆಸುಗೆಯ ಎರಡೂ ಕಡೆ 75 ಮಿಲಿಮೀಟರ್ ತನಕ ಗ್ಯಾಸ್ ಬರ್ನರ್‌ನಲ್ಲಿ ತಿರುಗಿಸಿ ತಿರುಗಿಸಿ ಕಾಯಿಸಿದೆ. ಮೇಲ್ಮೈ ಬೇಗ ಬಿಸಿಯಾಗುತ್ತದೆ, ಒಳಗೆ ಆಗಿರುವುದಿಲ್ಲ. ಅದಕ್ಕೇ ಉರಿ ತೆಗೆದು ಕೆಲವು ನಿಮಿಷ ಬಿಟ್ಟು 200 ಡಿಗ್ರಿಯ ಟೆಂಪರೇಚರ್ ಚಾಕಿನಲ್ಲಿ ಗೆರೆ ಎಳೆದೆ. ಗೆರೆ ಕರಗಿದರೆ ಆ ಕಾವು ಬಂದಿದೆ ಎಂದರ್ಥ. ಪ್ರತಿ ಪಾಸಿಗೂ ಮುಂಚೆ ಇದೇ ಪರೀಕ್ಷೆ. 200ಕ್ಕಿಂತ ಇಳಿದರೆ ಮತ್ತೆ ಉರಿ, 300 ದಾಟಿದರೆ ಕೈ ಕಟ್ಟಿ ಕೂರುವುದು. ಈ ಕೂರುವುದೇ ಕಷ್ಟ, ಎದುರಿಗೆ ಗಿರಾಕಿ ನಿಂತಿರುತ್ತಾರೆ ಅಲ್ವಾ.

ರಾಡ್ 7018, ಹೈಡ್ರೋಜನ್ ಕಡಿಮೆ ಬಿಡುವ ಬಗೆ. ತೇವ ಹೀರಿದ್ದನ್ನು ಓವನ್‌ನಲ್ಲಿ 350 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿಯೇ ತೆಗೆಯುತ್ತೇನೆ. ಮಳೆಗಾಲದಲ್ಲಿ ಒಡೆದ ಪ್ಯಾಕೆಟ್ಟನ್ನು ರಾತ್ರಿ ಹಾಗೇ ಬಿಟ್ಟರೆ ಮತ್ತೆ ಕಾಯಿಸದೆ ಆ ರಾಡ್ ಇಂಥ ಕೆಲಸಕ್ಕೆ ಬೇಡ.

ಕಾವು ಜಾಸ್ತಿಯಾಗಬಾರದೆಂದು ರಾಡನ್ನು ಅಗಲಕ್ಕೆ ಆಡಿಸುವುದನ್ನೂ ಬಿಟ್ಟೆ. 120 ಆಂಪ್ಸ್, 24 ವೋಲ್ಟ್, ನಿಮಿಷಕ್ಕೆ 150 ಮಿಲಿಮೀಟರ್ ಹೋದರೆ ಮಿಲಿಮೀಟರಿಗೆ ಸುಮಾರು 1.15 ಕಿಲೋಜೌಲ್ ಕಾವು ಬೀಳುತ್ತದೆ. ಆಡಿಸುತ್ತಾ 75ಕ್ಕೆ ಇಳಿದರೆ ಅದು ದುಪ್ಪಟ್ಟು. ಸಣ್ಣ ನೇರ ಬೀಡ್‌ಗಳಿಂದ ಇನ್ನೊಂದು ಲಾಭವಿದೆ. ಮೇಲಿನ ಬೀಡಿನ ಕಾವು ಕೆಳಗಿನದನ್ನು ಹದ ಮಾಡುತ್ತದೆ.

ಮುಗಿದ ಮೇಲೆ ನಿಧಾನವಾಗಿ ಆರಲಿ ಎಂದು ಶಾಫ್ಟನ್ನು ಭತ್ತದ ಹೊಟ್ಟಿನ ಬೂದಿಯಲ್ಲಿ ಹೂತಿಟ್ಟೆ. ರೈಸ್ ಮಿಲ್ಲಿನಿಂದ ತಂದು ಒಣಗಿಸಿ ಡ್ರಮ್ಮಿನಲ್ಲಿ ತುಂಬಿಟ್ಟ ಬೂದಿ. ಬೆಳಿಗ್ಗೆ ತೆಗೆದಾಗಲೂ ಕೈಗೆ ಬೆಚ್ಚಗಿತ್ತು. 48 ಗಂಟೆ ಕಳೆದ ಮೇಲೆ ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣದ ಪೆನೆಟ್ರೆಂಟ್ ಹೊಡೆದು, ಒರೆಸಿ, ಆ ಬಣ್ಣವನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್ ಹಾಕಿ ನೋಡಿದೆ. ಎಲ್ಲೂ ಕೆಂಪು ಗೆರೆ ಬರಲಿಲ್ಲ. ಆಗಲೇ ಆ ರೈತರಿಗೆ ಫೋನ್ ಮಾಡಿ ಬರಲು ಹೇಳಿದ್ದು.