ಹಳೆಯ ಕಾರಿನ ಟೆಂಪರೇಚರ್ ಮೀಟರ್: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಮುಂಬೈಯಿಂದ ಪುಣೆಗೆ ಹಳೆಯ ಕಾರಿನಲ್ಲಿ ಹೊರಡುವ ಇಲ್ಲಿನ ಕನ್ನಡಿಗರು, ಖೋಪೋಲಿ ದಾಟಿ ಖಂಡಾಲಾ ಘಾಟಿ ಏರುವ ಮೊದಲು, ಟೆಂಪರೇಚರ್ ಮೀಟರಿನ ಮುಳ್ಳು ನಿಜ ತೋರಿಸುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಲೇಬೇಕು.

ಮೊದಲು ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಕೂಲಂಟ್ (ಎಂಜಿನ್ ತಣಿಸುವ ದ್ರವ) ಮಟ್ಟ ನೋಡಿ. ಬಿಸಿಯನ್ನು ಅಳೆದು ಮೀಟರಿಗೆ ತಿಳಿಸುವ ಸೆನ್ಸರಿನ ತುದಿ ಕೂಲಂಟಿನಲ್ಲಿ ಮುಳುಗಿರದಿದ್ದರೆ, ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ಕೆಳಗೇ ನಿಂತಿರಬಹುದು. ಎಂಜಿನ್ ಬಿಸಿಯಾಗಿರುವಾಗ ಮುಚ್ಚಳವನ್ನು ಮುಟ್ಟಲೇಬಾರದು.

ಒಂದೇ ವೈರಿನ ಸೆನ್ಸರ್ ಇರುವ ಕಾರುಗಳಲ್ಲಿ ಮುಖ್ಯ ಪರೀಕ್ಷೆ ಸರಳವಾದುದು. ಕೂಲಂಟಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಬಳಿ, ಹಿತ್ತಾಳೆಯ ಬೋಲ್ಟಿನಂತೆ ಕಾಣುವ ಸೆನ್ಸರಿನಿಂದ ವೈರನ್ನು ಕಳಚಿ ಇಗ್ನಿಷನ್ ಹಾಕಿದಾಗ ಮುಳ್ಳು ಸಾಮಾನ್ಯವಾಗಿ ತಣ್ಣನೆಯ ತುದಿಯಲ್ಲಿರಬೇಕು. ಅದೇ ವೈರನ್ನು ಕ್ಷಣಕಾಲ ಎಂಜಿನ್ನಿನ ಶುಭ್ರ ಲೋಹಕ್ಕೆ ತಾಗಿಸಿದರೆ ಬಿಸಿಯ ಕಡೆಗೆ ಏರಬೇಕು. ಹೆಚ್ಚು ಹೊತ್ತು ತಾಗಿಸಿದರೆ ಮೀಟರ್ ಸುಟ್ಟುಹೋಗಬಹುದು. ಮುಳ್ಳು ಹೀಗೆ ಚಲಿಸಿದರೆ ಮೀಟರ್ ಮತ್ತು ವೈರಿಂಗ್ ಬಹುಮಟ್ಟಿಗೆ ಸರಿಯಿವೆ, ಸಂಶಯ ಸೆನ್ಸರಿನ ಮೇಲೆ. ಅಲುಗಾಡದಿದ್ದರೆ ಫ್ಯೂಸ್, ವೈರ್ ಅಥವಾ ಮೀಟರನ್ನೇ ನೋಡಬೇಕು.

ಸೆನ್ಸರನ್ನು ದೂರುವ ಮುನ್ನ ಅದಕ್ಕೆ ವೈರ್ ಸಿಕ್ಕಿಸುವ ತುದಿಯನ್ನು ಗಮನಿಸಿ: ಕೊಂಕಣದ ಮಳೆಗಾಲದ ತೇವಕ್ಕೆ ಅಲ್ಲಿ ಹಸಿರು ಕಿಲುಬು ಕಟ್ಟುವುದು ಬಹಳ ಸಾಮಾನ್ಯ, ಮರಳು ಕಾಗದದಿಂದ ಉಜ್ಜಿದರೆ ಸಾಕಾದೀತು. ಸೆನ್ಸರ್ ತನ್ನ ತಿರುಪಿನ ಸುತ್ತುಗಳ ಮೂಲಕವೇ ಅರ್ತ್ (ಎಂಜಿನ್ ಲೋಹದೊಂದಿಗೆ ವಿದ್ಯುತ್ ಸಂಪರ್ಕ) ಪಡೆಯುವುದರಿಂದ, ಮೆಕ್ಯಾನಿಕ್ ಅಲ್ಲಿ ಸುತ್ತಿದ ಟೆಫ್ಲಾನ್ ಟೇಪ್ ಕೂಡ ತಪ್ಪು ಅಳತೆಗೆ ಕಾರಣವಾಗಬಹುದು. ಅನಂತರ ಮಲ್ಟಿಮೀಟರ್ ಹಿಡಿದು ಎಂಜಿನ್ ಚಾಲೂ ಮಾಡಿದರೆ, ಬಿಸಿ ಏರಿದಂತೆ ಸೆನ್ಸರಿನ ವಿದ್ಯುತ್ ರೋಧ ಒಂದೇ ಸಮನೆ ಇಳಿಯಬೇಕು.

ಪೆಟ್ರೋಲ್ ಮೀಟರ್ ಕೂಡ ಜೊತೆಯಲ್ಲೇ ತಪ್ಪು ತೋರಿಸುತ್ತಿದ್ದರೆ, ಎರಡಕ್ಕೂ ವಿದ್ಯುತ್ ಕೊಡುವ ವೋಲ್ಟೇಜ್ ಸ್ಟೆಬಿಲೈಸರನ್ನು ಮೊದಲು ಪರೀಕ್ಷಿಸಿ.